ಎಂಟು ಮಕ್ಕಳಿಗೆ ಎರಡೇ ವೀಸಾ

ಅಮೆರಿಕದ ಆರೆಗನ್ ಸಂಸ್ಥಾನದ ಕ್ರೆಸ್‌ವೆಲ್ ಎಂಬುದು ಚಿಕ್ಕ ಊರು. ಹ್ಯಾರಿ ಹೋಲ್ಟ್ ಅಲ್ಲಿನ ಒಬ್ಬ ರೈತರು. ಬೇಸಾಯದ ಜೊತೆಗೆ ಮರದ ವ್ಯಾಪಾರದಿಂದಲೂ ನಾಲ್ಕು ಕಾಸು ಕೂಡಿಸಿದ್ದರು. 1950ರಲ್ಲಿ ಹೃದಯಾಘಾತಕ್ಕೆ ತುತ್ತಾಗಿ ಯಮನ ಬಾಗಿಲವರೆಗೆ ಹೋಗಿ ಹಿಂದಿರುಗಿದವರು. ಪತ್ನಿ ಬರ್ತಾ ದಾದಿಯ ಶಿಕ್ಷಣ ಪಡೆದಾಕೆ. ಮನೆ ತುಂಬ ಆರು ಮಂದಿ ಮಕ್ಕಳು. ಇನ್ನೇನು ಬೇಕು ಎನ್ನಬಹುದಾದ ಸಂಸಾರ. ಈ ದಂಪತಿಗಳು 1954ರ ಡಿಸೆಂಬರಿನಲ್ಲಿ ಸಮೀಪದ ಯೂಜೀನ್ ನಗರಕ್ಕೆ ಒಂದು ಚಲನಚಿತ್ರ ನೋಡಲು ಹೋದರು. ಚಿತ್ರವನ್ನು ತೋರಿಸಿದವರು ಬಾಬ್ ಪಿಯರ್ಸ್ ಎಂಬ ಕ್ರೈಸ್ತ ಪ್ರಚಾರಕರು. ತೆರೆಯ ಮೇಲೆ ಕಂಡವರು ಕೊರಿಯದ ಅನಾಥಾಲಯಗಳ ಹಸುಳೆಗಳು.

ಕೊರಿಯ ಯುದ್ಧ 1953ರ ಜುಲೈಯಲ್ಲಿ ನಿಂತಿತ್ತು. ಹೊರದೇಶದ ಸೈನಿಕರಿಗೂ ಕೊರಿಯದ ಹೆಂಗಸರಿಗೂ ಹುಟ್ಟಿದ ಕೂಸುಗಳ ಸಂಕಟ ಮಾತ್ರ ನಿಂತಿರಲಿಲ್ಲ. ಕುಟುಂಬದ ದಾಖಲೆಯೆಲ್ಲ ತಂದೆಯ ಹೆಸರಿನ ಮೇಲೆಯೇ ನಡೆಯುತ್ತಿದ್ದ ಆ ದೇಶದಲ್ಲಿ, ತಂದೆ ಯಾರೆಂದು ಹೇಳಲಾಗದ ಮಗುವಿಗೆ ಮನೆತನವಿಲ್ಲ. ಮನೆತನವಿಲ್ಲದವನಿಗೆ ಸಮಾಜದಲ್ಲಿ ಸ್ಥಾನವಿಲ್ಲ. ಕೂದಲಿನ ಬಣ್ಣ, ಕಣ್ಣಿನ ಬಣ್ಣಗಳೇ ಆ ಮಕ್ಕಳ ಮೇಲೆ ಚಾಡಿ ಹೇಳುತ್ತಿದ್ದವು. ಹೋಲ್ಟ್ ದಂಪತಿಗಳು ಮೊದಲು ಹಣ ಕಳುಹಿಸಿದರು. ಮನಸ್ಸಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಎಂಟು ಮಕ್ಕಳನ್ನು ತಂದು ಸಾಕಿಕೊಳ್ಳುವುದೆಂದು ನಿಶ್ಚಯವಾಯಿತು.

ನಿಶ್ಚಯಿಸುವುದು ಸುಲಭ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕೊರಿಯದಿಂದ ಬಂದು ನೆಲೆಸುವವರಿಗೆ ಅಮೆರಿಕ ಆಗ ಗೊತ್ತುಮಾಡಿದ್ದ ಸಂಖ್ಯೆ ವರ್ಷಕ್ಕೆ ಕೇವಲ 100. 1953ರ ನಿರಾಶ್ರಿತರ ಪರಿಹಾರ ಶಾಸನವು ಹತ್ತು ವರ್ಷದೊಳಗಿನ ಅನಾಥ ಮಕ್ಕಳಿಗೆಂದು 4,000 ವಿಶೇಷ ವೀಸಾಗಳನ್ನು ತೆಗೆದಿರಿಸಿತ್ತು ನಿಜ. ಆದರೆ ಒಡಹುಟ್ಟಿದವರನ್ನು ಅಗಲಿಸಬೇಕಾದ ಸಂದರ್ಭವೊಂದನ್ನು ಬಿಟ್ಟರೆ, ಒಂದು ದಂಪತಿಗೆ ಎರಡಕ್ಕಿಂತ ಹೆಚ್ಚು ವೀಸಾ ಇಲ್ಲ. ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ ಎಂಬ ನಮ್ಮವರ ಲೆಕ್ಕವೇ ಆ ಶಾಸನಕರ್ತರಿಗೂ ಸಾಕೆನಿಸಿತ್ತೇನೋ! ಉಳಿದ ಆರು ಕೂಸುಗಳ ಗತಿಯೇನು? ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ಸೇ ಈ ಒಂದು ಕುಟುಂಬಕ್ಕಾಗಿ ಪ್ರತ್ಯೇಕ ಶಾಸನ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೇರೆ ಯಾರಾದರೂ ಶಾಸನವಾಗುವವರೆಗೆ ಕಾದಿರುತ್ತಿದ್ದರು. ಹೋಲ್ಟರು ಕಾಯಲಿಲ್ಲ. ವೈದ್ಯರು ಒಮ್ಮೆ ಆಸೆ ಬಿಟ್ಟಿದ್ದ ಆ ಹೃದಯವನ್ನೇ ನಂಬಿಕೊಂಡು, 1955ರ ಮೇ ಕೊನೆಯಲ್ಲಿ ಒಬ್ಬರೇ ಕೊರಿಯಕ್ಕೆ ಹೊರಟರು. ಮಸೂದೆಯ ಹೊಣೆ ಬರ್ತಾಳ ಪಾಲಿಗೆ ಬಂತು. ಹೊಲ, ಮನೆ, ಆರು ಮಕ್ಕಳು ಇವನ್ನೆಲ್ಲ ನೋಡಿಕೊಳ್ಳುತ್ತಲೇ ಆಕೆ ಪತ್ರಗಳ ಮೇಲೆ ಪತ್ರ ಬರೆದಳು; ಸ್ನೇಹಿತರಿಂದಲೂ ಬರೆಯಿಸಿದಳು. ಆರೆಗನ್ನಿನ ಸೆನೆಟ್ ಸದಸ್ಯ ರಿಚರ್ಡ್ ನ್ಯೂಬರ್ಗರ್ ಮಸೂದೆಯನ್ನು ಕೈಗೆತ್ತಿಕೊಂಡರು. ಅಧಿವೇಶನ ಮುಗಿಯಲು ಹೆಚ್ಚು ದಿನಗಳು ಉಳಿದಿರಲಿಲ್ಲ. ಆ ದಿನಗಳು ತಪ್ಪಿದರೆ ಮುಂದಿನ ವರ್ಷದ ಮಾತು.

ಪೆಸಿಫಿಕ್ ಸಾಗರದ ಆಚೆ ದಡದಲ್ಲಿದ್ದ ಹ್ಯಾರಿಯವರ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು. ಭಾಷೆ ತಿಳಿಯದ ನಾಡು. ಯುದ್ಧದಿಂದ ಜರ್ಜರಿತವಾದ ಊರುಗಳು. ಹಾಲಿಗೂ ಔಷಧಕ್ಕೂ ಪರದಾಡುವ ಅನಾಥಾಲಯಗಳು. ಅವರು ಮಕ್ಕಳನ್ನು ಆರಿಸುತ್ತಿದ್ದರು, ಎತ್ತಿಕೊಳ್ಳುತ್ತಿದ್ದರು, ಆರೈಕೆ ಮಾಡುತ್ತಿದ್ದರು. ಆದರೆ ಅವರಲ್ಲಿ ಎಷ್ಟು ಮಂದಿ ತಮ್ಮವರಾಗುವರೆಂಬುದು ಹತ್ತು ಸಾವಿರ ಕಿಲೋಮೀಟರಿಗೂ ದೂರದ ವಾಷಿಂಗ್ಟನ್ನಿನಲ್ಲಿ ತೀರ್ಮಾನವಾಗಬೇಕಿತ್ತು. ಎರಡೇ ವೀಸಾ ಸಿಕ್ಕಿದ್ದರೆ ಎಂಟರಲ್ಲಿ ಯಾವ ಆರನ್ನು ಕೆಳಗಿಳಿಸಬೇಕಾಗಿತ್ತು? ಅಂಥ ಪರೀಕ್ಷೆಗೆ ಅವರು ಗುರಿಯಾಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಐಸೆನ್‌ಹೋವರರು ಮಸೂದೆಗೆ ಅಂಕಿತ ಹಾಕಿದರು. 1955ರ ಅಕ್ಟೋಬರ್ 14ರಂದು ಹೋಲ್ಟರು ಪೋರ್ಟ್‌ಲೆಂಡಿನಲ್ಲಿ ವಿಮಾನದಿಂದಿಳಿದಾಗ ಅವರೊಡನೆ ಹನ್ನೆರಡು ಮಕ್ಕಳಿದ್ದರು: ಎಂಟು ತಮ್ಮವು, ನಾಲ್ಕು ಬೇರೆ ಮನೆಗಳಿಗೆ ಸೇರಬೇಕಾದವು.

ಕಥೆ ಇಲ್ಲಿಗೇ ಮುಗಿದಿದ್ದರೆ ಬಲು ಸೊಗಸಾಗಿರುತ್ತಿತ್ತು. ಪತ್ರಿಕೆಗಳಲ್ಲಿ ಭಾವಚಿತ್ರ ಕಂಡ ನೂರಾರು ದಂಪತಿಗಳು ತಮಗೂ ಒಂದು ಮಗು ಬೇಕೆಂದು ಬರೆದರು. ಅವರೆಲ್ಲ ಕೊರಿಯಕ್ಕೆ ಹೋಗಿ ತಿಂಗಳುಗಟ್ಟಲೆ ಕಾಯಲಾದೀತೆ? ಹೋಲ್ಟರು ಕಂಡುಕೊಂಡದ್ದು ಪ್ರತಿನಿಧಿಯ ಮೂಲಕ ದತ್ತು ತೆಗೆದುಕೊಳ್ಳುವ ಮಾರ್ಗ. ತಂದೆತಾಯಿಗಳು ಅಮೆರಿಕದಲ್ಲಿಯೇ ಇರುವರು; ಅವರ ಪರವಾಗಿ ಹೋಲ್ಟರು ಕೊರಿಯದಲ್ಲಿ ದತ್ತುವಿಧಿ ಮುಗಿಸುವರು; ಮಗು ವಿಮಾನ ಹತ್ತುವ ಮೊದಲೇ ಅವರ ಮಗುವಾಗಿರುತ್ತದೆ. 1956ರಿಂದ ಬಾಡಿಗೆಯ ವಿಮಾನಗಳೇ ಹಸುಳೆಗಳನ್ನು ಹೊತ್ತು ತಂದವು. ಕಾಯುವ ಕಾಲ ಕಡಿಮೆಯಾಯಿತು.

ಆದರೆ ಆ ಕಾಲದಲ್ಲಿ ನಡೆಯಬೇಕಾಗಿದ್ದ ವಿಚಾರಣೆಯೂ ಅದರೊಡನೆಯೇ ಹೋಯಿತು. ಮಗುವನ್ನು ಬೇಡುವವರ ಮನೆ ಎಂಥದು, ಆ ಮಗು ಈ ಮನೆಗೆ ಹೊಂದುವುದೇ ಎಂದು ಕೇಳುವವರು ಯಾರು? ಹೋಲ್ಟರು ಮುಖ್ಯವಾಗಿ ನೋಡುತ್ತಿದ್ದುದು ದಂಪತಿಗಳ ಕ್ರೈಸ್ತ ಶ್ರದ್ಧೆಯನ್ನು. ಸಮಾಜಸೇವೆಯಲ್ಲಿ ತರಬೇತಿ ಪಡೆದವರು ಇದನ್ನು ಕಟುವಾಗಿ ಖಂಡಿಸಿದರು. ಅವರ ಮಾತಿನಲ್ಲಿ ಕಚೇರಿಯ ಬಿಗುಮಾನವೂ ಸ್ವಲ್ಪ ಇದ್ದಿರಬಹುದು. ಆದರೂ ನ್ಯಾಯ ಅವರ ಕಡೆಗೇ ಇತ್ತು. 1961ರ ಶಾಸನವು ಈ ಮಾರ್ಗಕ್ಕೆ ಕಡಿವಾಣ ಹಾಕಿತು. ಅಂದಿನಿಂದ ತಂದೆತಾಯಿಗಳು ಸ್ವತಃ ಹೋಗಿ ಮಗುವನ್ನು ನೋಡಿರಬೇಕು, ಇಲ್ಲವೆ ಮಗು ಬರುವ ಮೊದಲೇ ತಮ್ಮ ಸಂಸ್ಥಾನದ ದತ್ತು ನಿಯಮಗಳನ್ನು ಪೂರೈಸಿರಬೇಕು.

ಹ್ಯಾರಿ ಹೋಲ್ಟ್ 1964ರಲ್ಲಿ ಕೊರಿಯದಲ್ಲಿಯೇ ತೀರಿಕೊಂಡರು, ಸಮಾಧಿ ಇಲ್ಸಾನಿನಲ್ಲಿದೆ. ‘ಹೋಲ್ಟ್ ಅಜ್ಜಿ’ ಎಂದು ಹೆಸರಾದ ಬರ್ತಾ 2000ದಲ್ಲಿ, 96ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿ, ಅಲ್ಲಿಯೇ ಮಣ್ಣಾದಳು. ಮಕ್ಕಳ ಪ್ರವಾಹ ನಿಲ್ಲಲಿಲ್ಲ. ಕೊರಿಯ ಬಡತನದಿಂದ ಮೇಲೆದ್ದ ಬಳಿಕವೂ, 1985 ಒಂದೇ ವರ್ಷದಲ್ಲಿ 8,837 ಮಕ್ಕಳು ಪರದೇಶಗಳಿಗೆ ಹೋದರು. ಅಷ್ಟು ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಸೈನಿಕರ ಮಕ್ಕಳಲ್ಲ, ಕೊರಿಯದ ಅವಿವಾಹಿತ ತಾಯಂದಿರ ಮಕ್ಕಳು. ತಾಯಿ ಬದುಕಿದ್ದರೂ ಎಷ್ಟೋ ಕೂಸುಗಳಿಗೆ ‘ಅನಾಥ’ ಎಂಬ ಪ್ರತ್ಯೇಕ ದಾಖಲೆ ಸಿದ್ಧವಾಗುತ್ತಿತ್ತು. ಅದಿದ್ದರೆ ವೀಸಾದ ದಾರಿ ಸುಗಮ.

ವೀಸಾ ಬಂದರೂ ಪೌರತ್ವ ತಾನಾಗಿ ಬರುತ್ತಿರಲಿಲ್ಲ. ಅದಕ್ಕೆ ಬೇರೆ ಅರ್ಜಿ. ಸಾಕುತಂದೆತಾಯಿಗಳು ಅದನ್ನು ಮರೆತರೆ ಮಗು ಅಮೆರಿಕದಲ್ಲಿ ಬೆಳೆದೂ ಪರಕೀಯವೇ. 2000ದ ಶಾಸನವು ಈ ತೊಡಕನ್ನು ಬಿಡಿಸಿತು; ಆದರೆ 2001ರ ಫೆಬ್ರವರಿ 27ಕ್ಕೆ 18 ತುಂಬಿದ್ದವರನ್ನು ಹೊರಗಿಟ್ಟಿತು. ಹಾಗೆ ಹೊರಗುಳಿದು ಅಪರಾಧದಲ್ಲಿ ಸಿಕ್ಕಿಬಿದ್ದ ಕೆಲವರನ್ನು, ಒಂದು ಮಾತೂ ಕೊರಿಯನ್ ಬಾರದ ನಡುವಯಸ್ಸಿನಲ್ಲಿ, ಕೊರಿಯಕ್ಕೇ ಗಡೀಪಾರು ಮಾಡಲಾಯಿತು.

ತಮ್ಮ ಹುಟ್ಟಿನ ನಿಜಸಂಗತಿ ತಿಳಿಯಬೇಕೆಂದು ಹನ್ನೊಂದು ದೇಶಗಳಲ್ಲಿ ಬೆಳೆದ 367 ಮಂದಿ ದಕ್ಷಿಣ ಕೊರಿಯದ ಸತ್ಯ ಮತ್ತು ಸಮನ್ವಯ ಆಯೋಗದ ಮೊರೆಹೊಕ್ಕರು. 2025ರ ಮಾರ್ಚಿನಲ್ಲಿ ಆಯೋಗವು ಮೊದಲ ಕಂತಿನಲ್ಲಿ 56 ಮಂದಿಯ ಹಕ್ಕುಗಳಿಗೆ ಚ್ಯುತಿ ಬಂದಿದೆಯೆಂದು ಒಪ್ಪಿತು. ದಾಖಲೆಗಳನ್ನು ತಿದ್ದಿದ್ದನ್ನೂ ಗುರುತನ್ನು ಅದಲುಬದಲು ಮಾಡಿದ್ದನ್ನೂ ಹೊರಗೆಡಹಿತು. ಸರ್ಕಾರ ಕ್ಷಮೆ ಕೇಳಬೇಕೆಂದು ಸೂಚಿಸಿತು. ಅದೇ ವರ್ಷ ಅಕ್ಟೋಬರ್ 1ರಂದು 1993ರ ಹೇಗ್ ದತ್ತು ಒಪ್ಪಂದ ಆ ದೇಶದಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಹೆತ್ತವರ ಒಪ್ಪಿಗೆ ಸ್ವತಂತ್ರವಾದುದೇ ಎಂದು ಮೊದಲು ವಿಚಾರಿಸಬೇಕು. ಮಗುವಿಗೆ ತನ್ನ ನಾಡಿನಲ್ಲಿಯೇ ನೆಲೆ ದೊರೆಯದೆ ಎಂದು ಹುಡುಕಬೇಕು. ಎರಡೂ ದೇಶಗಳ ಅಧಿಕಾರಿಗಳು ಒಪ್ಪಿದ ಬಳಿಕವೇ ಮಗುವಿನ ಪ್ರಯಾಣ.