ಚರ್ಚಾ ಮಂಡಳಿಯಲ್ಲಿ ಹಿಂದಿನ ಸಾಲೂ ಮಾತಾಡಲಿ



ಮೈಸೂರಿನ ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆಗೆ ತರಕಾರಿ ತಂದಾಗ ನೀವು ಆಡುವ ಮಾತು ಕೇಳಿದ್ದೇನೆ. ಯಾವ ಬೀಜ ಕೈಕೊಟ್ಟಿತು, ಯಾವ ಔಷಧಿ ದಂಡವಾಯಿತು, ಎಲ್ಲವೂ ಅಲ್ಲಿ ಹೊರಬರುತ್ತದೆ. ಆದರೆ ಊರಿನ ಚರ್ಚಾ ಮಂಡಳಿಯಲ್ಲಿ ಕುಳಿತರೆ ಅದೇ ಬಾಯಿಗೆ ಬೀಗ! ಏಕೆ?

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಶುಂಠಿ ಬೇಸಾಯದ ಮೇಲೆ ನಾನು ಒಂದು ಗಂಟೆ ಮಾತಾಡಿದೆ. ‘ಪ್ರಶ್ನೆಗಳಿವೆಯೇ?’ ಎಂದೆ. ಯಾರೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬರ ಹೊಲದಲ್ಲಿ ಆಗಲೇ ಗಿಡಗಳು ಸೊರಗುತ್ತಿದ್ದವು. ನಾಲ್ಕು ಜನ ನಗುತ್ತಾರೆಂದು ಅವರು ಸುಮ್ಮನಿದ್ದರು. ಮುಂದೆ ಮಳೆಯ ನೀರು ರೋಗವನ್ನು ಕೆಳಗಿನ ಹೊಲಗಳಿಗೂ ಒಯ್ದಿತು. ಆ ತಪ್ಪು ಅವರದಲ್ಲ, ಮಾತಿಗೆ ಎಡೆಯನ್ನೇ ಕೊಡದ ನನ್ನದು.

ಮುಚ್ಚಿಟ್ಟರೆ ನಷ್ಟ

ಅದು ದುಂಡಾಣು ಸೊರಗು ರೋಗ. ಬಿತ್ತನೆ ಗೆಡ್ಡೆ, ಮಣ್ಣು, ಹರಿಯುವ ನೀರು ಇವುಗಳ ಮೂಲಕ ಹರಡುತ್ತದೆ. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಹಾಲಿನಂಥ ಎಳೆ ಇಳಿಯುವುದು ಇದರ ಗುರುತು. ಕಂಡ ದಿನವೇ ನೆರೆಯವರಿಗೆ ತಿಳಿಸಿದರೆ ರೋಗದ ಗಿಡಗಳನ್ನು ಕಿತ್ತು, ಆ ಭಾಗದ ನೀರು ಬೇರೆಡೆ ಹರಿಯದಂತೆ ತಡೆಯಬಹುದು. ಆ ಹೊಲದ ಗೆಡ್ಡೆಯನ್ನು ಬಿತ್ತನೆಗೆ ಯಾರೂ ಒಯ್ಯದಂತೆ ನೋಡಿಕೊಳ್ಳಬಹುದು. ಮರುವರ್ಷ ಅಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ.

ಇತರರು ಮಾಡಿ ತೋರಿಸಿದ್ದು

1956ರಲ್ಲಿ ಪುಣೆ ಸುತ್ತಿನ ಹಳ್ಳಿಗಳಲ್ಲಿ ಆಕಾಶವಾಣಿ ರೇಡಿಯೋ ಕೂಟಗಳನ್ನು ನಡೆಸಿತು. ರೈತರು ಒಟ್ಟಿಗೆ ಕುಳಿತು ಕೇಳುತ್ತಿದ್ದರು, ಚರ್ಚಿಸುತ್ತಿದ್ದರು, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುತ್ತಿದ್ದರು. ನಮ್ಮಲ್ಲೇ, 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಬರೆದು ರೂಢಿಯಿಲ್ಲದವರೂ ತಮ್ಮ ತೋಟದ ಅನುಭವವನ್ನು ಬರೆದರು.

ನೀವು ಹೀಗೆ ಮಾಡಿ

1. ಮಂಡಳಿ ಚಿಕ್ಕದಿರಲಿ. 15–20 ಜನ ಸಾಕು. ಸಾಲಾಗಿ ಬೇಡ, ಸುತ್ತ ಕುಳಿತುಕೊಳ್ಳಿ.

2. ಊರಿನ ಹಿರಿಯರು, ದೊಡ್ಡ ಹಿಡುವಳಿದಾರರು ಕೊನೆಗೆ ಮಾತಾಡಲಿ. ಮೊದಲು ಸಣ್ಣ ರೈತರು, ಹೆಣ್ಣುಮಕ್ಕಳು. ಕಳೆ ಕೀಳುವ ಕೈಗೇ ರೋಗ ಮೊದಲು ಕಾಣುವುದು.

3. ಪ್ರತಿ ಸಭೆಯಲ್ಲೂ ಒಬ್ಬರು ತಮ್ಮ ಸೋಲನ್ನು ಹೇಳಲಿ. ಅಧ್ಯಕ್ಷರೇ ಮೊದಲು ಹೇಳಿದರೆ ಉಳಿದವರ ಸಂಕೋಚ ಹೋಗುತ್ತದೆ.

4. ಹೇಳಿದವರನ್ನು ಹಂಗಿಸಬೇಡಿ. ಒಮ್ಮೆ ನಕ್ಕರೆ ಅವರು ಮತ್ತೆ ಬಾಯಿ ತೆರೆಯಲಾರರು.

5. ಕೇಳಿದ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಭೆ ಅದರ ಉತ್ತರದಿಂದಲೇ ಆರಂಭವಾಗಲಿ.

ಈಗ ನಾನು ಸಭೆಗೆ ಹೋದರೆ ಮೊದಲ ಅರ್ಧ ಗಂಟೆ ಮಾತಾಡುವುದಿಲ್ಲ. ‘ಈ ವಾರ ಯಾರ ಹೊಲದಲ್ಲಿ ಏನು ಕೆಟ್ಟಿತು?’ ಎಂದಷ್ಟೇ ಕೇಳುತ್ತೇನೆ. ಈ ಪುಟವನ್ನು ವಾಚನಾಲಯದಲ್ಲಿ ಗಟ್ಟಿಯಾಗಿ ಓದಿದ ಮೇಲೆ ನೀವೂ ಪಕ್ಕದವರನ್ನು ಅದೇ ಪ್ರಶ್ನೆ ಕೇಳಿ. ಉತ್ತರ ಬರುವವರೆಗೆ ಕಾಯಿರಿ.