ಜೂನ್‌ಟೀಂತ್ ರಾಷ್ಟ್ರೀಯ ರಜಾದಿನದ ಕುರಿತ ಭಿನ್ನಾಭಿಪ್ರಾಯಗಳು

ಜೂನ್‌ಟೀಂತ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಮಗಿರಿ ಕೊನೆಗೊಂಡುದರ ಸ್ಮರಣಾರ್ಥವಾಗಿ ಪ್ರತಿವರ್ಷ ಜೂನ್ 19ರಂದು ಆಚರಿಸಲಾಗುವ ದಿನ. 'ಜೂನ್' ಎಂಬ ಪದಕ್ಕೆ, ಹತ್ತೊಂಬತ್ತನೆಯದು ಎಂಬ ಅರ್ಥದ 'ನೈನ್‌ಟೀಂತ್' ಎಂಬ ಆಂಗ್ಲ ಪದ ಸೇರಿ ಈ ಹೆಸರು ಬಂದಿದೆ. ಟೆಕ್ಸಸ್ ರಾಜ್ಯದ ಆಫ್ರಿಕನ್ ಅಮೆರಿಕನ್ನರು 1866ರಿಂದ ಈ ದಿನವನ್ನು ಆಚರಿಸುತ್ತ ಬಂದಿದ್ದಾರೆ. 2021ರ ಜೂನ್ 17ರಂದು ಅಧ್ಯಕ್ಷ ಜೋ ಬೈಡನ್ ಸಹಿ ಮಾಡಿದ ಕಾಯಿದೆಯ ಮೂಲಕ ಇದು 'ಜೂನ್‌ಟೀಂತ್ ರಾಷ್ಟ್ರೀಯ ಸ್ವಾತಂತ್ರ್ಯ ದಿನ' ಎಂಬ ಹೆಸರಿನಲ್ಲಿ ಒಕ್ಕೂಟ ಸರ್ಕಾರದ ರಜಾದಿನವಾಯಿತು. 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ಹೆಸರಿನ ರಜೆಗೆ ಅಂಗೀಕಾರ ದೊರೆತ ಬಳಿಕ ಆ ಪಟ್ಟಿಗೆ ಸೇರಿದ ಮೊದಲ ಹೊಸ ರಜೆ ಇದು.

ಗುಲಾಮಗಿರಿಯ ಅಂತ್ಯವು ಸ್ಮರಣಾರ್ಹವೆಂಬುದನ್ನು ಈ ಚರ್ಚೆಯಲ್ಲಿ ಬಹಿರಂಗವಾಗಿ ಅಲ್ಲಗಳೆದವರು ವಿರಳ. ಭಿನ್ನಾಭಿಪ್ರಾಯಗಳು ಮೂಡಿದ್ದು ಮುಖ್ಯವಾಗಿ ನಾಲ್ಕು ವಿಷಯಗಳಲ್ಲಿ: ಆಯ್ದ ದಿನಾಂಕ, ಕೊಟ್ಟ ಹೆಸರು, ತಗಲುವ ವೆಚ್ಚ, ಮತ್ತು ರಜೆಯ ಘೋಷಣೆಯಿಂದ ಜನರ ಬದುಕಿನಲ್ಲಿ ಆಗುವ ಬದಲಾವಣೆ. ಕಾನೂನಿನಲ್ಲಿ ಬರೆದ ಸ್ವಾತಂತ್ರ್ಯಕ್ಕೂ ಬದುಕಿನಲ್ಲಿ ದೊರೆತ ಸ್ವಾತಂತ್ರ್ಯಕ್ಕೂ ನಡುವೆ ಇದ್ದ ಅಂತರವೇ ಈ ದಿನದ ಮೂಲವಾದ್ದರಿಂದ, ಆ ಅಂತರದ ಪ್ರಶ್ನೆ ಚರ್ಚೆಯುದ್ದಕ್ಕೂ ಕಾಣಿಸಿಕೊಳ್ಳುತ್ತದೆ.

ಐತಿಹಾಸಿಕ ಹಿನ್ನೆಲೆ

ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ಜನವರಿ 1ರಂದು ವಿಮೋಚನಾ ಘೋಷಣೆಯನ್ನು ಹೊರಡಿಸಿದರು. ಬಂಡೆದ್ದ ದಕ್ಷಿಣದ ಪ್ರದೇಶಗಳಲ್ಲಿ ಗುಲಾಮರಾಗಿದ್ದವರೆಲ್ಲರೂ ಸ್ವತಂತ್ರರೆಂದು ಅದು ಸಾರಿತು. ಆದರೆ ಒಕ್ಕೂಟದಲ್ಲಿಯೇ ಉಳಿದುಕೊಂಡಿದ್ದ ಡೆಲವೇರ್, ಕೆಂಟಕಿ, ಮೇರಿಲ್ಯಾಂಡ್ ಮತ್ತು ಮಿಸೌರಿ ರಾಜ್ಯಗಳಿಗೆ ಅದು ಅನ್ವಯಿಸಲಿಲ್ಲ. ಬಂಡಾಯ ಪ್ರದೇಶಗಳಲ್ಲಿಯೂ ಒಕ್ಕೂಟದ ಸೇನೆ ಕಾಲಿಟ್ಟ ಕಡೆಗಳಲ್ಲಿ ಮಾತ್ರ ಅದು ಜಾರಿಗೆ ಬರುವಂತಿತ್ತು. ಯುದ್ಧಭೂಮಿಯಿಂದ ದೂರವಿದ್ದ ಟೆಕ್ಸಸ್‌ಗೆ ಇತರ ರಾಜ್ಯಗಳ ಅನೇಕ ಮಾಲೀಕರು ತಮ್ಮ ಗುಲಾಮರನ್ನು ಸಾಗಿಸಿದ್ದರು. ಯುದ್ಧ ಮುಗಿಯುವ ವೇಳೆಗೆ ಅಲ್ಲಿ ಸುಮಾರು 2,50,000 ಗುಲಾಮರಿದ್ದರು.

1865ರ ಜೂನ್ 19ರಂದು ಟೆಕ್ಸಸ್‌ನ ಬಂದರು ನಗರವಾದ ಗ್ಯಾಲ್ವೆಸ್ಟನ್‌ನಲ್ಲಿ ಮೇಜರ್ ಜನರಲ್ ಗೋರ್ಡನ್ ಗ್ರೇಂಜರ್ ಅವರ ಹೆಸರಿನಲ್ಲಿ ಮೂರನೆಯ ಸಾಮಾನ್ಯ ಆದೇಶವು ಹೊರಬಿದ್ದಿತು. ಎಲ್ಲ ಗುಲಾಮರೂ ಸ್ವತಂತ್ರರೆಂದೂ, ಹಿಂದಿನ ಮಾಲೀಕರಿಗೂ ಅವರಿಗೂ ವೈಯಕ್ತಿಕ ಹಕ್ಕು ಮತ್ತು ಆಸ್ತಿಯ ಹಕ್ಕುಗಳಲ್ಲಿ ಸಂಪೂರ್ಣ ಸಮಾನತೆ ಇರುತ್ತದೆಂದೂ ಆದೇಶವು ತಿಳಿಸಿತು. ಅದೇ ಆದೇಶವು ಬಿಡುಗಡೆ ಹೊಂದಿದವರು ಇದ್ದಲ್ಲಿಯೇ ಉಳಿದು ಕೂಲಿಗೆ ದುಡಿಯಬೇಕೆಂದು ಸಲಹೆ ಮಾಡಿತು. ಸೇನಾ ಠಾಣೆಗಳ ಬಳಿ ಗುಂಪುಗೂಡಲು ಅವಕಾಶವಿಲ್ಲವೆಂದೂ ಎಚ್ಚರಿಸಿತು.

ವಿಮೋಚನೆಯ ಸುದ್ದಿ ಎರಡೂವರೆ ವರ್ಷ ಟೆಕ್ಸಸ್‌ಗೆ ತಲುಪಿರಲೇ ಇಲ್ಲ ಎಂಬ ಜನಪ್ರಿಯ ವಿವರಣೆಯನ್ನು ಇತಿಹಾಸಕಾರರು ಪೂರ್ಣವಾಗಿ ಒಪ್ಪುವುದಿಲ್ಲ. ಮಾಲೀಕರಿಗೆ ಘೋಷಣೆಯ ಅರಿವಿತ್ತು, ಗುಲಾಮರಲ್ಲಿಯೂ ಹಲವರಿಗೆ ಸುದ್ದಿ ತಿಳಿದಿತ್ತು. ಇಲ್ಲದಿದ್ದುದು ಅದನ್ನು ಜಾರಿಗೊಳಿಸುವ ಅಧಿಕಾರ. ಜೂನ್ 19ರ ಬಳಿಕವೂ ಕೆಲವು ಮಾಲೀಕರು ಬೆಳೆಯ ಕೊಯ್ಲು ಮುಗಿಯುವವರೆಗೆ ಕೆಲಸಗಾರರನ್ನು ಬಿಡದೆ ಉಳಿಸಿಕೊಂಡರು.

ಟೆಕ್ಸಸ್‌ನಿಂದ ರಾಷ್ಟ್ರಮಟ್ಟಕ್ಕೆ

ಮರುವರ್ಷದಿಂದಲೇ ಟೆಕ್ಸಸ್‌ನ ಕಪ್ಪು ಸಮುದಾಯಗಳು ಪ್ರಾರ್ಥನೆ, ಮೆರವಣಿಗೆ ಮತ್ತು ಸಾಮೂಹಿಕ ಭೋಜನಗಳೊಂದಿಗೆ ಈ ದಿನವನ್ನು ಆಚರಿಸತೊಡಗಿದವು. ಜನಾಂಗೀಯ ಪ್ರತ್ಯೇಕತೆಯ ದೆಸೆಯಿಂದ ಸಾರ್ವಜನಿಕ ಸ್ಥಳಗಳು ದೊರೆಯುವುದು ಕಷ್ಟವಾಗಿದ್ದಾಗ, ಹ್ಯೂಸ್ಟನ್ ನಗರದ ಸಮುದಾಯದ ಮುಖಂಡರು 1872ರಲ್ಲಿ ಹಣ ಕೂಡಿಸಿ 10 ಎಕರೆ ಜಮೀನನ್ನು ಕೊಂಡರು. ಅದು ಇಂದಿಗೂ ಎಮ್ಯಾನ್ಸಿಪೇಷನ್ ಪಾರ್ಕ್, ಅಂದರೆ ವಿಮೋಚನಾ ಉದ್ಯಾನ, ಎಂಬ ಹೆಸರಿನಲ್ಲಿ ಉಳಿದಿದೆ. ಉದ್ಯೋಗವನ್ನರಸಿ ಟೆಕ್ಸಸ್‌ನಿಂದ ಉತ್ತರದ ಹಾಗೂ ಪಶ್ಚಿಮದ ನಗರಗಳಿಗೆ ವಲಸೆ ಹೋದವರೊಂದಿಗೆ ಆಚರಣೆಯೂ ಹರಡಿತು. ಶಾಸಕ ಆಲ್ ಎಡ್ವರ್ಡ್ಸ್ ಮಂಡಿಸಿದ ಮಸೂದೆಯು 1979ರಲ್ಲಿ ಅಂಗೀಕಾರಗೊಂಡು, 1980ರಿಂದ ಇದು ಟೆಕ್ಸಸ್ ರಾಜ್ಯದ ರಜಾದಿನವಾಯಿತು.

ರಾಷ್ಟ್ರೀಯ ಮಾನ್ಯತೆಯ ಬೇಡಿಕೆಗೆ ವ್ಯಾಪಕ ಪ್ರಚಾರ ತಂದವರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್ ನಗರದ ಓಪಲ್ ಲೀ ಪ್ರಮುಖರು. 1939ರ ಜೂನ್ 19ರಂದು, ಅವರಿಗೆ 12 ವರ್ಷವಾಗಿದ್ದಾಗ, ಬಿಳಿಯರ ಗುಂಪೊಂದು ಅವರ ಕುಟುಂಬದ ಮನೆಯ ಮೇಲೆ ದಾಳಿ ನಡೆಸಿ ಅದನ್ನು ನಾಶಮಾಡಿತ್ತು. 2016ರಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಅವರು ರಾಷ್ಟ್ರೀಯ ರಜೆಯ ಬೇಡಿಕೆಯೊಂದಿಗೆ ಫೋರ್ಟ್ ವರ್ತ್‌ನಿಂದ ವಾಷಿಂಗ್ಟನ್ ಕಡೆಗೆ ನಡಿಗೆಯನ್ನು ಆರಂಭಿಸಿದರು. ವಿಮೋಚನೆಯಲ್ಲಾದ ಎರಡೂವರೆ ವರ್ಷಗಳ ವಿಳಂಬದ ಸಂಕೇತವಾಗಿ ಊರೂರುಗಳಲ್ಲಿ ಎರಡೂವರೆ ಮೈಲಿ ನಡೆಯುವುದು ಅವರ ಕ್ರಮವಾಗಿತ್ತು.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸ್ ಅಧಿಕಾರಿಯೊಬ್ಬನಿಂದ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ಬಳಿಕ ದೇಶದಾದ್ಯಂತ ಪ್ರತಿಭಟನೆಗಳು ನಡೆದವು. ಆ ಸಂದರ್ಭದಲ್ಲಿ ಜೂನ್‌ಟೀಂತ್ ರಾಷ್ಟ್ರದ ಗಮನಕ್ಕೆ ಬಂದು, ಹಲವು ರಾಜ್ಯಗಳೂ ಖಾಸಗಿ ಸಂಸ್ಥೆಗಳೂ ಅಂದು ರಜೆ ಘೋಷಿಸತೊಡಗಿದವು. 2021ರ ಜೂನ್ 15ರಂದು ಸೆನೆಟ್ ಮಸೂದೆಯನ್ನು ಸರ್ವಾನುಮತದಿಂದ ಅಂಗೀಕರಿಸಿತು. ಮರುದಿನ ಪ್ರತಿನಿಧಿ ಸಭೆಯಲ್ಲಿ ಪರವಾಗಿ 415 ಮತಗಳೂ ವಿರುದ್ಧವಾಗಿ 14 ಮತಗಳೂ ಬಂದವು. ವಿರೋಧಿಸಿದ 14 ಸದಸ್ಯರೂ ರಿಪಬ್ಲಿಕನ್ ಪಕ್ಷಕ್ಕೆ ಸೇರಿದವರು.

ದಿನಾಂಕದ ಕುರಿತು

ಗುಲಾಮಗಿರಿಯು ದೇಶದೆಲ್ಲೆಡೆ ಒಂದೇ ದಿನ ಕೊನೆಗೊಳ್ಳಲಿಲ್ಲ. ರಾಜಧಾನಿ ವಾಷಿಂಗ್ಟನ್‌ನಲ್ಲಿ 1862ರ ಏಪ್ರಿಲ್ 16ರ ಕಾನೂನು ಅದನ್ನು ರದ್ದುಗೊಳಿಸಿತ್ತು. ಆ ನಗರ ಇಂದಿಗೂ ಅದೇ ದಿನ ವಿಮೋಚನಾ ದಿನವನ್ನು ಆಚರಿಸುತ್ತದೆ. ಫ್ಲಾರಿಡಾದಲ್ಲಿ ಮೇ 20ರ ಆಚರಣೆಯಿದೆ. ಸಂವಿಧಾನದ 13ನೆಯ ತಿದ್ದುಪಡಿಗೆ ಅಗತ್ಯವಾದ ರಾಜ್ಯಗಳ ಅನುಮೋದನೆ ದೊರೆತದ್ದು 1865ರ ಡಿಸೆಂಬರ್ 6ರಂದು. ಡೆಲವೇರ್ ಮತ್ತು ಕೆಂಟಕಿಗಳಲ್ಲಿ ಗುಲಾಮಗಿರಿ ಅಲ್ಲಿಯವರೆಗೂ ಕಾನೂನುಬದ್ಧವಾಗಿಯೇ ಇತ್ತು. ಈ ಕಾರಣದಿಂದ, ಇಡೀ ದೇಶಕ್ಕೆ ಅನ್ವಯಿಸುವ ದಿನ ಬೇಕಾದರೆ ಡಿಸೆಂಬರ್ 6 ಅಥವಾ ಲಿಂಕನ್ನರ ಘೋಷಣೆ ಜಾರಿಗೆ ಬಂದ ಜನವರಿ 1 ಹೆಚ್ಚು ಸಮಂಜಸವೆಂಬುದು ಒಂದು ವಾದ. ಲಿಂಕನ್ ಆ ತಿದ್ದುಪಡಿಯ ನಿರ್ಣಯಕ್ಕೆ ಸಹಿ ಮಾಡಿದ ಫೆಬ್ರುವರಿ 1ನ್ನು 'ರಾಷ್ಟ್ರೀಯ ಸ್ವಾತಂತ್ರ್ಯ ದಿನ'ವೆಂದು ಗುರುತಿಸುವ ಕಾನೂನು 1948ರಲ್ಲಿಯೇ ಬಂದಿತ್ತಾದರೂ, ಅದು ರಜೆಯಾಗಲಿಲ್ಲ.

ಬೆಂಬಲಿಗರ ಉತ್ತರ ಬೇರೆಯದು. ಉಳಿದ ದಿನಗಳು ಸರ್ಕಾರದ ಕಾಗದಪತ್ರಗಳಿಗೆ ಸಂಬಂಧಿಸಿದವು. ಜೂನ್ 19 ಸ್ವತಃ ಬಿಡುಗಡೆ ಹೊಂದಿದವರು ಆಯ್ದುಕೊಂಡು, ತಲೆಮಾರುಗಳ ಕಾಲ ಯಾವ ಸರ್ಕಾರದ ನೆರವೂ ಇಲ್ಲದೆ ಉಳಿಸಿಕೊಂಡು ಬಂದ ದಿನ. ವಿಳಂಬದ ನೆನಪೂ ಅದರಲ್ಲಿ ಸೇರಿರುವುದು ದೋಷವಲ್ಲ, ಕಾನೂನು ಬರೆದಷ್ಟರಿಂದಲೇ ಸ್ವಾತಂತ್ರ್ಯ ಬರುವುದಿಲ್ಲವೆಂಬುದನ್ನು ಅದು ನೆನಪಿಸುತ್ತದೆ ಎಂಬುದು ಅವರ ನಿಲುವು. ಟೆಕ್ಸಸ್ ಮೂಲದ ಇತಿಹಾಸಕಾರ್ತಿ ಆನೆಟ್ ಗೋರ್ಡನ್-ರೀಡ್, ತಮ್ಮ ರಾಜ್ಯದ ಹಬ್ಬವನ್ನು ಹೊರಗಿನವರು ತಮ್ಮದೆನ್ನತೊಡಗಿದಾಗ ತಮಗೆ ಮೊದಲಿಗೆ ಇರಿಸುಮುರಿಸಾಗಿತ್ತೆಂದು 2021ರಲ್ಲಿ ಪ್ರಕಟವಾದ 'ಆನ್ ಜೂನ್‌ಟೀಂತ್' ಎಂಬ ಕೃತಿಯಲ್ಲಿ ಒಪ್ಪಿಕೊಂಡಿದ್ದಾರೆ.

ಹೆಸರಿನ ಕುರಿತು

ಪ್ರತಿನಿಧಿ ಸಭೆಯಲ್ಲಿ ವಿರೋಧವಾಗಿ ಮತ ಹಾಕಿದ ಹಲವರ ಮುಖ್ಯ ಆಕ್ಷೇಪ 'ಸ್ವಾತಂತ್ರ್ಯ ದಿನ' ಎಂಬ ಹೆಸರಿಗಿತ್ತು. ಕೆಂಟಕಿಯ ಥಾಮಸ್ ಮ್ಯಾಸಿ, ಗುಲಾಮಗಿರಿಯ ಅಂತ್ಯಕ್ಕೊಂದು ರಜೆ ಇರುವುದಕ್ಕೆ ತಮ್ಮ ವಿರೋಧವಿಲ್ಲವೆನ್ನುತ್ತ, ಜುಲೈ 4ರ ಸ್ವಾತಂತ್ರ್ಯ ದಿನದೊಡನೆ ಗೊಂದಲವುಂಟಾಗಿ ಜನರು ಮೈಬಣ್ಣದ ಆಧಾರದಲ್ಲಿ ಎರಡರಲ್ಲೊಂದನ್ನು ಆಯ್ದುಕೊಳ್ಳುವಂತಾಗುತ್ತದೆ ಎಂದರು. ಟೆಕ್ಸಸ್‌ನ ಚಿಪ್ ರಾಯ್ ಕೂಡ ಈ ಹೆಸರು ದೇಶವನ್ನು ವಿಭಜಿಸುತ್ತದೆಂದು ಟೀಕಿಸಿದರು. ಮೊಂಟಾನಾದ ಮ್ಯಾಟ್ ರೋಸೆಂಡೇಲ್ ಇಡೀ ಮಸೂದೆಯನ್ನೇ ಗುರುತಿನ ರಾಜಕಾರಣದ ಭಾಗವೆಂದು ತಳ್ಳಿಹಾಕಿದರು.

ಇದಕ್ಕೆ ಪ್ರತಿಯಾಗಿ ಬೆಂಬಲಿಗರು, 1776ರ ಜುಲೈ 4ರಂದು ದೇಶ ಸ್ವತಂತ್ರವಾಯಿತಾದರೂ ಅಂದು ಗುಲಾಮರಾಗಿದ್ದವರು ಸ್ವತಂತ್ರರಾಗಲಿಲ್ಲ ಎಂಬುದನ್ನು ಎತ್ತಿ ತೋರಿಸುತ್ತಾರೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪ್ರಸಿದ್ಧ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್, 1852ರ ಜುಲೈ 5ರಂದು ರೋಚೆಸ್ಟರ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಇದೇ ಪ್ರಶ್ನೆಯನ್ನೆತ್ತಿದ್ದರು. ಓಪಲ್ ಲೀ ಅವರು ಎರಡು ದಿನಗಳನ್ನು ಎದುರುಬದುರು ನಿಲ್ಲಿಸದೆ, ಜೂನ್ 19ರಿಂದ ಜುಲೈ 4ರವರೆಗೂ ಸ್ವಾತಂತ್ರ್ಯವನ್ನು ಆಚರಿಸಬೇಕೆಂದು ಸೂಚಿಸಿದ್ದಾರೆ.

ವೆಚ್ಚದ ಕುರಿತು

2020ರಲ್ಲಿ ಇದೇ ಪ್ರಸ್ತಾವನೆ ಸೆನೆಟ್‌ಗೆ ಬಂದಾಗ ವಿಸ್ಕಾನ್ಸಿನ್‌ನ ರಿಪಬ್ಲಿಕನ್ ಸದಸ್ಯ ರಾನ್ ಜಾನ್ಸನ್ ಅದನ್ನು ತಡೆದಿದ್ದರು. ಸರ್ಕಾರಿ ನೌಕರರಿಗೆ ಮತ್ತೊಂದು ದಿನದ ವೇತನಸಹಿತ ರಜೆ ನೀಡುವುದರಿಂದ ವರ್ಷಕ್ಕೆ ಸುಮಾರು 60 ಕೋಟಿ ಡಾಲರುಗಳ ಹೊರೆ ತೆರಿಗೆದಾರರ ಮೇಲೆ ಬೀಳುತ್ತದೆಂಬುದು ಅವರ ಲೆಕ್ಕ. ಹೊಸ ರಜೆಗೆ ಬದಲಾಗಿ ಕೊಲಂಬಸ್ ದಿನವನ್ನು ಕೈಬಿಡಬಹುದೆಂಬ ಸಲಹೆ ಬಂದಿತಾದರೂ, ಟೀಕೆಗೊಳಗಾಗಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮರುವರ್ಷ ಜಾನ್ಸನ್, ತಮ್ಮ ಅಭಿಪ್ರಾಯ ಬದಲಾಗದಿದ್ದರೂ ಸಂಸತ್ತಿನಲ್ಲಿ ಚರ್ಚೆಗೆ ಆಸಕ್ತಿಯಿಲ್ಲವೆಂದು ಹೇಳಿ ಆಕ್ಷೇಪವನ್ನು ಬಿಟ್ಟುಕೊಟ್ಟರು.

ರಜೆಯ ಪ್ರಯೋಜನ ಯಾರಿಗೆ ಎಂಬ ಪ್ರಶ್ನೆಯೂ ಇದೆ. ಕಾಯಿದೆಯು ಒಕ್ಕೂಟ ಸರ್ಕಾರದ ನೌಕರರಿಗೆ ಮಾತ್ರ ನೇರವಾಗಿ ಅನ್ವಯಿಸುತ್ತದೆ. ರಾಜ್ಯಗಳು ತಮ್ಮ ರಜೆಗಳನ್ನು ತಾವೇ ನಿರ್ಧರಿಸುತ್ತವೆ. ಖಾಸಗಿ ಮಾಲೀಕರು ರಜೆ ಕೊಡಬೇಕೆಂಬ ಕಡ್ಡಾಯವಿಲ್ಲ. ಹೀಗಾಗಿ ಅಂಗಡಿ, ಹೋಟೆಲು, ಉಗ್ರಾಣಗಳಲ್ಲಿ ದಿನಗೂಲಿಗೆ ದುಡಿಯುವ ಅನೇಕರು ಅಂದೂ ಕೆಲಸ ಮಾಡುತ್ತಾರೆ.

ಸಂಕೇತ ಮತ್ತು ಹಕ್ಕುಗಳ ಕುರಿತು

ಆಫ್ರಿಕನ್ ಅಮೆರಿಕನ್ ಹೋರಾಟಗಾರರಲ್ಲಿ ಮತ್ತು ಎಡಪಂಥೀಯರಲ್ಲಿ ಕೆಲವರು ರಜೆಯನ್ನು ಸ್ವಾಗತಿಸಿದರೂ, ಅದು ನಿಜವಾದ ಸುಧಾರಣೆಗಳಿಗೆ ಬದಲಿಯಾಗಬಾರದೆಂದು ಎಚ್ಚರಿಸಿದರು. ಈ ಮಾತಿಗೆ ಅವರು ಕೊಡುವ ನಿದರ್ಶನಗಳು ಆ ತಿಂಗಳಿನವೇ ಆಗಿವೆ. ಶಾಲೆಗಳಲ್ಲಿ ಜನಾಂಗ ಮತ್ತು ವರ್ಣಭೇದದ ಬೋಧನೆಗೆ ಮಿತಿ ಹೇರುವ ಕಾಯಿದೆಗೆ ಟೆಕ್ಸಸ್ ರಾಜ್ಯಪಾಲರು ಸಹಿ ಮಾಡಿದ್ದು 2021ರ ಜೂನ್ 15ರಂದು. ಜೂನ್ 22ರಂದು, ಮತದಾನದ ಹಕ್ಕುಗಳನ್ನು ವಿಸ್ತರಿಸುವ ಮಸೂದೆಯೊಂದು ಸೆನೆಟ್‌ನಲ್ಲಿ ಚರ್ಚೆಯ ಹಂತಕ್ಕೂ ಬರದೆ ನಿಂತುಹೋಯಿತು. ಗುಲಾಮಗಿರಿಗೆ ಪರಿಹಾರ ನೀಡುವ ವಿಷಯವನ್ನು ಅಧ್ಯಯನ ಮಾಡುವ ಆಯೋಗಕ್ಕಾಗಿ 1989ರಲ್ಲಿ ಮೊದಲು ಮಂಡಿಸಲಾದ ಮಸೂದೆ ಹಲವು ಬಾರಿ ಮರುಮಂಡನೆಗೊಂಡರೂ ಕಾನೂನಾಗಲಿಲ್ಲ.

13ನೆಯ ತಿದ್ದುಪಡಿಯು ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸುವ ಬಲವಂತದ ದುಡಿಮೆಯನ್ನು ನಿಷೇಧದಿಂದ ಹೊರಗಿಟ್ಟಿದೆ. ಯುದ್ಧಾನಂತರ ದಕ್ಷಿಣದ ರಾಜ್ಯಗಳು ಇದೇ ಅವಕಾಶವನ್ನು ಬಳಸಿ ಕಪ್ಪು ಕೈದಿಗಳನ್ನು ತೋಟ, ಗಣಿ, ರೈಲುಮಾರ್ಗಗಳ ಕೆಲಸಕ್ಕೆ ಗುತ್ತಿಗೆ ಕೊಟ್ಟವು. ಈ ವಿನಾಯಿತಿ ಇರುವವರೆಗೆ ಗುಲಾಮಗಿರಿ ಸಂಪೂರ್ಣವಾಗಿ ಕೊನೆಗೊಂಡಿತೆನ್ನಲಾಗದು ಎಂಬುದು ಕೆಲವು ಟೀಕಾಕಾರರ ಅಭಿಪ್ರಾಯ.

ರಜೆಯ ಪರವಾಗಿರುವವರು ಸಂಕೇತಕ್ಕೂ ಬೆಲೆಯಿದೆ ಎನ್ನುತ್ತಾರೆ. ಕ್ಯಾಲೆಂಡರಿನಲ್ಲಿ ಸ್ಥಾನ ಪಡೆದ ದಿನದ ಬಗ್ಗೆ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಶಾಲೆಗಳೂ ಪತ್ರಿಕೆಗಳೂ ಉತ್ತರಿಸಬೇಕಾಗುತ್ತದೆ ಎಂಬುದು ಅವರ ವಾದ. ಹಬ್ಬವು ವ್ಯಾಪಾರದ ಸರಕಾಗುವ ಆತಂಕವೂ ವ್ಯಕ್ತವಾಗಿದೆ. 2022ರಲ್ಲಿ ವಾಲ್‌ಮಾರ್ಟ್ ಸಂಸ್ಥೆ ಜೂನ್‌ಟೀಂತ್ ಹೆಸರಿನ ಐಸ್‌ಕ್ರೀಮನ್ನು ಮಾರುಕಟ್ಟೆಗೆ ತಂದು, ಟೀಕೆ ಬಂದಾಗ ಕ್ಷಮೆ ಕೇಳಿ ಹಿಂತೆಗೆದುಕೊಂಡಿತು.

ನಂತರದ ಬೆಳವಣಿಗೆಗಳು

2024ರಲ್ಲಿ ಓಪಲ್ ಲೀ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ನೀಡಲಾಯಿತು. 2025ರ ಜೂನ್ 19ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್, ದಿನದ ಹೆಸರನ್ನು ಪ್ರಸ್ತಾಪಿಸದೆ, ದೇಶದಲ್ಲಿ ರಜೆಗಳು ಅತಿಯಾಗಿದ್ದು ಅದರಿಂದ ಆರ್ಥಿಕ ನಷ್ಟವಾಗುತ್ತಿದೆ ಎಂದು ಹೇಳಿಕೆ ನೀಡಿದರು. ಒಕ್ಕೂಟದ ರಜಾದಿನವನ್ನು ರದ್ದುಗೊಳಿಸಲು ಸಂಸತ್ತು ಹೊಸ ಕಾಯಿದೆಯನ್ನೇ ಮಾಡಬೇಕಾಗುತ್ತದೆ.

ಇತರ ದೇಶಗಳಲ್ಲಿ

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಕಾಯಿದೆ 1834ರ ಆಗಸ್ಟ್ 1ರಂದು ಜಾರಿಗೆ ಬಂದುದರಿಂದ ಕೆರಿಬಿಯನ್ ಪ್ರದೇಶದ ಹಲವು ದೇಶಗಳು ಆ ದಿನವನ್ನು ವಿಮೋಚನಾ ದಿನವಾಗಿ ಆಚರಿಸುತ್ತವೆ. ಟ್ರಿನಿಡಾಡ್ ಮತ್ತು ಟೊಬೆಗೊ 1985ರಲ್ಲಿ, ಕೊಲಂಬಸ್ಸನ ಆಗಮನದ ರಜೆಯನ್ನು ಕೈಬಿಟ್ಟು, ಈ ದಿನವನ್ನು ರಾಷ್ಟ್ರೀಯ ರಜೆಯನ್ನಾಗಿಸಿತು.

ಅಮೆರಿಕದ ವಿಮೋಚನೆಯು ಭಾರತದಲ್ಲಿಯೂ ಗಮನ ಸೆಳೆದಿತ್ತು. ಸಮಾಜ ಸುಧಾರಕ ಜ್ಯೋತಿರಾವ್ ಫುಲೆ 1873ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ 'ಗುಲಾಮಗಿರಿ' ಎಂಬ ಕೃತಿಯನ್ನು, ಕಪ್ಪು ಜನರನ್ನು ಗುಲಾಮಗಿರಿಯಿಂದ ಬಿಡಿಸಲು ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ತಮ್ಮ ದೇಶದವರು ಅದೇ ಮಾದರಿಯನ್ನು ಅನುಸರಿಸಿ ಶೂದ್ರರನ್ನು ಜಾತಿಯ ದಾಸ್ಯದಿಂದ ಬಿಡುಗಡೆಗೊಳಿಸಬೇಕೆಂಬ ಆಶಯವನ್ನು ಆ ಅರ್ಪಣೆಯಲ್ಲಿ ವ್ಯಕ್ತಪಡಿಸಿದ್ದರು.