ಕೆನಡಾದ ಇಂಗ್ಲಿಷ್ ಕ್ಲಾಸಿಗೆ ಮುಂಚಿನ ಪರೀಕ್ಷೆ: ಮನೆಯವರು ಹೇಗೆ ತಯಾರಾಗ್ಬೇಕು?

ಇಲ್ಲಿ ಪುಣೆಯ ನಮ್ಮ ಐಟಿ ಬಳಗದಲ್ಲಿ ಕೆನಡಾ ಪಿಆರ್ ಬಂದ ಮನೆಗಳಿಂದ ಒಂದು ಪ್ರಶ್ನೆ ಪದೇ ಪದೇ ಬರುತ್ತೆ. "ನನ್ನ ಐಇಎಲ್‌ಟಿಎಸ್ ಮುಗೀತು. ಆದ್ರೆ ನಮ್ಮನೆಯವಳು ಅಲ್ಲಿ ಇಂಗ್ಲಿಷ್ ಕ್ಲಾಸಿಗೆ ಸೇರೋಕೆ ಇನ್ನೊಂದು ಪರೀಕ್ಷೆ ಬರೀಬೇಕಂತೆ. ಫೇಲ್ ಆದ್ರೆ ಏನ್ ಗತಿ?"

ಮೊದಲು ಸಮಾಧಾನದ ಮಾತು. ಈ ಪರೀಕ್ಷೆಯಲ್ಲಿ ಫೇಲ್ ಅನ್ನೋದೇ ಇಲ್ಲ. ನಿಮ್ಮನ್ನ ಯಾವ ಕ್ಲಾಸಲ್ಲಿ ಕೂರಿಸಬೇಕು ಅಂತ ನೋಡೋದಷ್ಟೇ ಅದರ ಕೆಲಸ.

ಹೊಸದಾಗಿ ಬಂದವರಿಗೆ ಕೆನಡಾ ಸರ್ಕಾರದ ದುಡ್ಡಲ್ಲಿ ನಡೆಯುವ ಇಂಗ್ಲಿಷ್ ಕ್ಲಾಸುಗಳಿಗೆ ಲಿಂಕ್ ಅಂತಾರೆ. ಪಿಆರ್ ಇದ್ದವರಿಗೆ ಉಚಿತ. ವರ್ಕ್ ಪರ್ಮಿಟ್ ಮೇಲೆ ಹೋದವರಿಗೆ ಇದು ಸಿಗಲ್ಲ, ಅವರು ಬೇರೆ ಶಾಲೆ ಹುಡುಕಬೇಕು. ಸೇರೋಕೆ ಮುಂಚೆ ಅಪಾಯಿಂಟ್‌ಮೆಂಟ್ ತಗೊಂಡು ಪರೀಕ್ಷೆಗೆ ಹೋಗಬೇಕು. ಅಳತೆಗೋಲು ಸಿಎಲ್‌ಬಿ, ಅಂದ್ರೆ ಕೆನಡಿಯನ್ ಲ್ಯಾಂಗ್ವೇಜ್ ಬೆಂಚ್‌ಮಾರ್ಕ್ಸ್. ಅದರಲ್ಲಿ 12 ಹಂತಗಳಿವೆ. ಕೇಳೋದು, ಮಾತಾಡೋದು, ಓದೋದು, ಬರೆಯೋದು ನಾಲ್ಕಕ್ಕೂ ಬೇರೆ ಬೇರೆ ಹಂತ ಕೊಡ್ತಾರೆ.

ಈ "ಬೇರೆ ಬೇರೆ" ಅನ್ನೋದು ನಮ್ಮವರಿಗೆ ಮುಖ್ಯ. ನನ್ನ ತಂಗಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಟೊರಾಂಟೊ ಕಡೆ ಹೋದಾಗ ಅವಳಿಗೆ ಓದೋದರಲ್ಲಿ 6 ಬಂತು, ಮಾತಲ್ಲಿ 4. ಎರಡು ದಿನ ಮುಖ ಸಣ್ಣದು ಮಾಡ್ಕೊಂಡಿದ್ಳು. ಆದ್ರೆ ಆ ಅಂಕಿ ಹೇಳಿದ್ದು ನಿಜವನ್ನೇ. ನಾವು ಇಂಗ್ಲಿಷನ್ನ ಪುಸ್ತಕದಿಂದ ಕಲಿತವರು, ಬಾಯಿ ಬಿಟ್ಟು ಆಡಿದ್ದು ಕಡಿಮೆ. ಅವಳಿಗೆ ಬೇಕಿದ್ದದ್ದು ಮಾತಿನ ಅಭ್ಯಾಸ, ಸಿಕ್ಕಿದ್ದೂ ಅದೇ ಕ್ಲಾಸು.

ಹಾಗಾಗಿ ಉತ್ತರಗಳನ್ನ ಬಾಯಿಪಾಠ ಮಾಡಿಸಬೇಡಿ. ಉರು ಹೊಡೆದು ಮೇಲಿನ ಕ್ಲಾಸಿಗೆ ಹೋದವರು ಅಲ್ಲಿ ಏನೂ ಅರ್ಥವಾಗದೆ ಮೂಲೆಯಲ್ಲಿ ಕೂರ್ತಾರೆ, ಆಮೇಲೆ ಹೋಗೋದನ್ನೇ ಬಿಡ್ತಾರೆ. ಹೆದರಿ ಬಾಯಿ ಮುಚ್ಚಿಕೊಂಡರೆ ಬರೋದನ್ನೇ ಮತ್ತೆ ಕಲಿಯಬೇಕಾಗುತ್ತೆ. ಎರಡೂ ನಷ್ಟವೇ.

ಹಾಗಾದ್ರೆ ತಯಾರಿ ಏನು? ಹತ್ತು ಹದಿನೈದು ದಿನ ಹೀಗೆ ಮಾಡಿ:

1. ಫಾರ್ಮ್ ತುಂಬೋದು. ನಮ್ಮಲ್ಲಿ ಇನಿಷಿಯಲ್ ಇರುತ್ತೆ, ಸರ್‌ನೇಮ್ ಇರಲ್ಲ. ಪಾಸ್‌ಪೋರ್ಟಲ್ಲಿ ಯಾವ ಹೆಸರು ಎಲ್ಲಿದೆಯೋ ಹಾಗೇ ಬರೆಯೋಕೆ, ಅಕ್ಷರ ಬಿಡಿಸಿ ಹೇಳೋಕೆ ರೂಢಿ ಮಾಡ್ಕೊಳ್ಳಿ. ಅಲ್ಲಿನ ಪೋಸ್ಟಲ್ ಕೋಡಲ್ಲಿ ಅಕ್ಷರ, ಅಂಕಿ ಎರಡೂ ಇರುತ್ತವೆ.

2. ಮಾತು. ನಿನ್ನೆ ಏನು ಮಾಡಿದೆ, ನಾಳೆ ಏನು ಮಾಡ್ತೀನಿ ಅಂತ ದಿನಾ ಐದು ನಿಮಿಷ ಹೇಳಿ. ಕಾಲ ತಪ್ಪೋದು ಗೊತ್ತಾಗೋದು ಇಲ್ಲೇ. "ಔಟ್ ಆಫ್ ಸ್ಟೇಷನ್", "ಗುಡ್ ನೇಮ್" ನಮ್ಮ ದೇಶದ ಇಂಗ್ಲಿಷ್, ಅಲ್ಲಿಯವರಿಗೆ ತಿಳಿಯದೇ ಹೋಗಬಹುದು. ಸಂಭಾಷಣೆಯಲ್ಲಿ ಪ್ರಶ್ನೆ ಅರ್ಥವಾಗದಿದ್ರೆ ಇನ್ನೊಮ್ಮೆ ಹೇಳಿ ಅಂತ ಕೇಳಿ, ಅದೂ ಭಾಷೆಯ ಕೌಶಲವೇ.

3. ಕಿವಿ. ಸಿಬಿಸಿ ರೇಡಿಯೋ ಸುದ್ದಿ ದಿನಾ ಹತ್ತು ನಿಮಿಷ ಕೇಳಿ. ಪೂರ್ತಿ ತಿಳಿಯದಿದ್ರೂ ಪರವಾಗಿಲ್ಲ, ಉಚ್ಚಾರ ಕಿವಿಗೆ ಬೀಳಲಿ.

4. ಓದು, ಬರಹ. ಬಾಡಿಗೆ ಜಾಹೀರಾತು, ಬಸ್ ವೇಳಾಪಟ್ಟಿ ಓದಿ. ಮಗುವಿಗೆ ಜ್ವರ, ಇವತ್ತು ಶಾಲೆಗೆ ಬರಲ್ಲ ಅಂತ ಟೀಚರಿಗೆ ನಾಲ್ಕು ಸಾಲು ಬರೆಯಿರಿ.

ಪಿಆರ್ ದಾಖಲೆ, ಓದೋ ಕನ್ನಡಕ ಮರೀಬೇಡಿ.

ಇನ್ನೊಂದು ವಿಷಯ. ಪೌರತ್ವಕ್ಕೆ ಅರ್ಜಿ ಹಾಕುವಾಗ 18ರಿಂದ 54 ವಯಸ್ಸಿನವರು ಮಾತು ಮತ್ತು ಕೇಳೋದರಲ್ಲಿ ಕನಿಷ್ಠ 4ನೇ ಹಂತ ತೋರಿಸಬೇಕು. ಲಿಂಕ್ ಕ್ಲಾಸಲ್ಲಿ ಆ ಹಂತ ಮುಗಿಸಿದ ಪ್ರಮಾಣಪತ್ರ ಅಲ್ಲಿ ನಡೆಯುತ್ತೆ. ಆದ್ರೆ ಪಿಆರ್ ಅರ್ಜಿಗೆ ಕೇಳುವ ಐಇಎಲ್‌ಟಿಎಸ್‌ನಂಥ ಪರೀಕ್ಷೆಗೆ ಇದು ಬದಲಿ ಅಲ್ಲ.

ಗಂಡಂದಿರಿಗೆ ಕೊನೇ ಮಾತು. ಇವತ್ತು ಊಟಕ್ಕೆ ಕೂತಾಗ "ದಿನ ಹೇಗಿತ್ತು?" ಅಂತ ಇಂಗ್ಲಿಷಲ್ಲಿ ಕೇಳಿ. ಅವರು ಹೇಳಿ ಮುಗಿಸುವವರೆಗೆ ತಿದ್ದಬೇಡಿ, ನಗಬೇಡಿ. ನಾಳೆ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ನೀವು ಪಕ್ಕದಲ್ಲಿ ಇಲ್ಲದಾಗ ಮಾತಾಡಬೇಕಾದವರು ಅವರೇ. ಮುಂದಿನ ವಿಡಿಯೋದಲ್ಲಿ ಸಿಗೋಣ.